ನಾಲ್ಕೈದು ಸುತ್ತಿನ ಮೇಲೆ ಗುಂಡು ಇಳಿಯದಿದ್ದರೆ

ಬಾಯಿಂದ ಮದ್ದು ತುಂಬುವ ಕೋವಿ, ಚಕಮಕಿ ಬೆಂಕಿ, ಕೊಡಲಿ ಎಸೆತ ಇರುವ ತಂಡದ ಸ್ಪರ್ಧೆಗೆ ನೀವು ಮಾಡುತ್ತಿರುವ ಅಭ್ಯಾಸದ ತೊಂದರೆಗಳಿಗೆ ಉತ್ತರ ಇದು. ಮೊದಲ ಗುಂಡು ಸಲೀಸಾಗಿ ಇಳಿದು, ನಾಲ್ಕೈದು ಸುತ್ತಾದ ಮೇಲೆ ಬಿಗಿಯುತ್ತಿದೆ ಅಂದರೆ ಕಾರಣ ಬಹುತೇಕ ನಳಿಗೆಯಲ್ಲಿ ಕೂತ ಕಪ್ಪು ಮದ್ದಿನ ಮಸಿ. ಮೊದಲ ಗುಂಡೇ ಬಿಗಿಯಾಗಿದ್ದರೆ ಮಾತ್ರ ಪ್ಯಾಚ್ ಬಟ್ಟೆ (ಗುಂಡಿಗೆ ಸುತ್ತುವ ತುಂಡು) ದಪ್ಪವಾಯಿತೇನೋ. .50 ಅಂಗುಲದ ಕೋವಿಗೆ .490 ಅಂಗುಲದ ಗುಂಡು, .015 ಅಂಗುಲ ದಪ್ಪದ ಬಟ್ಟೆಯಿಂದ ಶುರು ಮಾಡಿ ನೋಡಿ.

ಪ್ರತಿ ಸುತ್ತಿನ ನಂತರ ತುಸು ತೇವದ ಬಟ್ಟೆ ಒಮ್ಮೆ, ಒಣ ಬಟ್ಟೆ ಒಮ್ಮೆ ನಳಿಗೆಯೊಳಗೆ ಆಡಿಸಿ. ನೀರು ಸೋರುವಷ್ಟು ಬೇಡ, ಮುಂದಿನ ಮದ್ದು ನೆನೆಯುತ್ತದೆ. ಆಮೇಲೆ ಕಿಡಿ ಹೋಗುವ ತೂತಿಗೆ ಸೂಜಿ ಹಾಕಿ ತೆಗೆಯಿರಿ.

ಗುಂಡು ಮದ್ದಿನ ಮೇಲೆ ಕೂತಾಗ ರಾಮ್‌ರಾಡ್ (ಗುಂಡು ಒಳಗೆ ತಳ್ಳುವ ಕೋಲು) ಎಲ್ಲಿಗೆ ಬರುತ್ತೆ ಅಂತ ಅದರ ಮೇಲೆ ಗೆರೆ ಹಾಕಿಡಿ. ಗೆರೆ ಮುಟ್ಟಿಲ್ಲವೋ, ಹೊಡೆಯಲೇಬೇಡಿ, ನಳಿಗೆ ಒಡೆಯಬಹುದು. ಗುಂಡು ಹೊಡೆಯುವ ಜಾಗ ನೋಡಿಕೊಳ್ಳುವ ರೇಂಜ್ ಆಫೀಸರ್‌ನ ಕರೆಯಿರಿ. ತಂಡ ಹಿಂದಿನಿಂದ ಎಷ್ಟೇ ಕೂಗಲಿ, ಮದ್ದನ್ನು ಅದು ತುಂಬಿಟ್ಟ ಕೊಂಬಿನಿಂದ ನೇರ ನಳಿಗೆಗೆ ಸುರಿಯಬೇಡಿ. ಒಳಗೆ ಒಂದು ಕೆಂಡ ಉಳಿದಿದ್ದರೂ ಕೊಂಬೇ ಸಿಡಿಯಬಹುದು. ಅಳತೆ ಪಾತ್ರೆಗೆ ಹಾಕಿಕೊಂಡೇ ಸುರಿಯಿರಿ.

ಚಕಮಕಿಯಲ್ಲಿ ಬೆಂಕಿ ಹತ್ತುತ್ತಿಲ್ಲ ಅಂದಿದ್ದಕ್ಕೆ: ಕಿಡಿ ಹಿಡಿಯಲು ಇಡುವ ಸುಟ್ಟ ಬಟ್ಟೆ ಪೂರ್ತಿ ಕರಕಾಗಿಲ್ಲ ಅನ್ಸುತ್ತೆ. ಹಳೇ ಜೀನ್ಸ್ ತುಂಡು, ಅಪ್ಪಟ ಹತ್ತಿಯದು, ಸಣ್ಣ ತೂತಿನ ತಗಡಿನ ಡಬ್ಬಿಯಲ್ಲಿಟ್ಟು ಬೆಂಕಿಗೆ ಹಾಕಿ. ಹೊಗೆ ನಿಂತ ಮೇಲೆ ಇಳಿಸಿ. ತಣ್ಣಗಾಗುವ ಮೊದಲು ಮುಚ್ಚಳ ತೆಗೆದರೆ ಅಲ್ಲೇ ಹೊತ್ತಿಕೊಳ್ಳುತ್ತೆ. ಸರಿಯಾಗಿದ್ದರೆ ಕಿಡಿ ಬಿದ್ದ ಕಡೆ ಕೆಂಪು ಚುಕ್ಕೆ ಮೂಡಿ ಮೆಲ್ಲಗೆ ಹರಡುತ್ತದೆ. ಅದನ್ನು ಒಣ ನಾರಿನಲ್ಲಿ ಸುತ್ತಿ ಊದಿ.

ಕೊಡಲಿ ಎಸೆತಕ್ಕೆ ನಿಮ್ಮಲ್ಲಿ ಒಬ್ಬರನ್ನೇ ಈಗಲೇ ಗೊತ್ತು ಮಾಡಿ, ಅವರು ಬೇರೇನೂ ಅಭ್ಯಾಸ ಮಾಡೋದು ಬೇಡ.