13 ಕಿಲೋ ಇಳಿದ ಮೇಲೆ

(ಹೆಸರು, ಕೆಲಸ, ಮನೆಯ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಸುಮಾ ಅಂತ ಕರೆಯೋಣ. ವಯಸ್ಸು 52, ಹೈಸ್ಕೂಲ್ ಟೀಚರ್, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ತೂಕ 86 ಕಿಲೋ, ಜೊತೆಗೆ ಶುಗರ್. ಡಾಕ್ಟರ್ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ ಬರೆದುಕೊಟ್ಟಿದ್ದರು. 2025ರ ಮಾರ್ಚ್‌ನಲ್ಲಿ ಮೌಂಜಾರೋ ಹೆಸರಲ್ಲಿ ನಮ್ಮ ದೇಶಕ್ಕೆ ಬಂದ ಔಷಧ ಇದು. ಆರು ತಿಂಗಳಲ್ಲಿ 13 ಕಿಲೋ ಇಳಿಯಿತು, ಶುಗರ್ ಹತೋಟಿಗೆ ಬಂತು. ಔಷಧದ ಬಗ್ಗೆ ನನಗೆ ತಕರಾರಿಲ್ಲ.

ಊಟದ ಸಲಹೆ ಕೊಡುವ ನನ್ನ ಹತ್ತಿರ ಅವರನ್ನು ಕಳಿಸಿದ್ದು ಸುಸ್ತಿಗೆ. ಕೂದಲು ಉದುರುತ್ತಿತ್ತು. ಪೂಜೆಗೆ ನೆಲದ ಮೇಲೆ ಕೂತರೆ ಏಳೋಕೆ ಗೋಡೆ ಹಿಡಿಯಬೇಕಿತ್ತು. "ತೂಕ ಕಮ್ಮಿಯಾದ್ರೆ ಮೈ ಹಗುರಾಗಬೇಕಲ್ವಾ ಮೇಡಂ? ನಂಗ್ಯಾಕೆ ಉಲ್ಟಾ?" ಅಂದರು.

ಏನು ತಿಂತೀರಿ ಅಂತ ಕೇಳಿದೆ. ಬೆಳಿಗ್ಗೆ ಕಾಫಿ, ಎರಡು ಬಿಸ್ಕತ್ತು. ಮಧ್ಯಾಹ್ನ ಒಂದು ಹಿಡಿ ಅನ್ನ, ತಿಳಿಸಾರು. ರಾತ್ರಿ ಮಜ್ಜಿಗೆ, ಇಲ್ಲದಿದ್ದರೆ ಏನೂ ಇಲ್ಲ. ಲೆಕ್ಕ ಹಾಕಿದರೆ ದಿನಕ್ಕೆ 20 ಗ್ರಾಂ ಪ್ರೋಟೀನೂ ದಾಟುತ್ತಿರಲಿಲ್ಲ. ಈ ಔಷಧ ಹಸಿವನ್ನೇ ಕಮ್ಮಿ ಮಾಡುತ್ತದೆ, ಹೊಟ್ಟೆ ಖಾಲಿಯಾಗುವುದನ್ನೂ ನಿಧಾನ ಮಾಡುತ್ತದೆ. ಆಗ ನಮ್ಮ ತಟ್ಟೆಯಲ್ಲಿ ಅಭ್ಯಾಸಕ್ಕೆ ಅನ್ನ ಸಾರು ಉಳಿಯುತ್ತೆ. ಕಾಳುಪಲ್ಯ, ತೊವ್ವೆ, ಕೋಸಂಬರಿ ಮೊದಲು ಹೋಗುತ್ತವೆ. ಇದನ್ನು ನಾನು ಜಾಸ್ತಿ ನೋಡುತ್ತಿದ್ದೇನೆ.

ತೂಕ ಇಳಿಯುವಾಗ ಬರೀ ಕೊಬ್ಬು ಇಳಿಯುವುದಿಲ್ಲ. ಟಿರ್ಜೆಪಟೈಡ್‌ನ ದೊಡ್ಡ ಪ್ರಯೋಗದಲ್ಲಿ ಇಳಿದ ತೂಕದ ಸುಮಾರು ಕಾಲು ಭಾಗ ಕೊಬ್ಬಲ್ಲದ್ದು. ಅದೆಲ್ಲ ಸ್ನಾಯುವೇ ಅಲ್ಲ, ನೀರೂ ಸೇರಿದೆ. ಔಷಧವಿಲ್ಲದೆ ಪಥ್ಯ ಮಾಡಿ ಇಳಿಸಿದರೂ ಇಷ್ಟೋ ಅಷ್ಟೋ ಹೋಗುತ್ತದೆ. ಆದರೆ ಮುಟ್ಟು ನಿಂತ ವಯಸ್ಸು, ಪ್ರೋಟೀನ್ ಇಲ್ಲ, ಮೈಗೆ ಕೆಲಸ ಇಲ್ಲ ಅಂದರೆ ನಷ್ಟ ಜಾಸ್ತಿ. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿದೆ. 15 ಸೆಕೆಂಡ್ ಬೇಕಾಯಿತು. ಸ್ನಾಯು ಸವೆತ ಗುರುತಿಸಲು ಏಷ್ಯಾದವರಿಗೆ 2019ರಲ್ಲಿ ಗೊತ್ತುಮಾಡಿದ ಮಿತಿ 12 ಸೆಕೆಂಡ್. ಮೀಟರ್ ಹಿಂಡಿಸಿ ಅಳೆದ ಕೈ ಹಿಡಿತದ ಬಲ 16 ಕಿಲೋ. ಹೆಂಗಸರಿಗೆ 18ಕ್ಕಿಂತ ಕಮ್ಮಿ ಇದ್ದರೆ ಯೋಚಿಸಬೇಕು.

ಇಲ್ಲಿಗೆ ಒಂದು ಚೀಟಿ ಬರೆದು ಕಳಿಸಬಹುದಿತ್ತು. ಆದರೆ ಇನ್ನೂ ಸ್ವಲ್ಪ ತಿನ್ನಬೇಕು ಅಂದ ಕೂಡಲೇ ಅವರ ಮುಖ ಬಿಗಿಯಾಯಿತು. ಮದುವೆಯಾದಾಗಿನಿಂದ ತಟ್ಟೆ ಮುಂದೆ ಕೂತಾಗಲೆಲ್ಲ ತಿನ್ನುವುದರ ಬಗ್ಗೆ ಒಂದಲ್ಲ ಒಂದು ಚುಚ್ಚುಮಾತು ಕೇಳಿಸಿಕೊಂಡವರು. "ಈಗ ಹಸಿವೇ ಆಗಲ್ಲ ಮೇಡಂ. ಮೊದಲ ಸಲ ನೆಮ್ಮದಿಯಾಗಿದೀನಿ. ಮತ್ತೆ ತಿನ್ನು ಅಂತೀರಲ್ಲ." ಅವರ ಪಾಲಿಗೆ ಊಟ ಬಿಡುವುದೇ ಗೆಲುವು. ನಿಜವಾದ ತೊಡಕು ಇದೇ, ಪನೀರ್ ಎಷ್ಟು ಗ್ರಾಂ ಅನ್ನುವುದಲ್ಲ. ಮೊದಲ ಎರಡು ಭೇಟಿ ಪೂರ್ತಿ ಇದಕ್ಕೇ ಹೋಯಿತು. ತೂಕದ ಪುಸ್ತಕ ಪಕ್ಕಕ್ಕಿಡಿ, ಕುರ್ಚಿಯಿಂದ ಏಳುವ ಸೆಕೆಂಡ್ ಬರೆದಿಡಿ ಅಂದೆ. ಟೀಚರ್ ಅಲ್ವಾ, ಮಾರ್ಕ್ಸ್ ಹಾಕುವ ಕೆಲಸ ಅಂದರೆ ಒಪ್ಪಿದರು.

ಆಮೇಲೆ ಊಟ. ಹಸಿವಿಗೆ ಕಾಯಬೇಡಿ, ಗಡಿಯಾರ ನೋಡಿ ತಿನ್ನಿ. ತಟ್ಟೆಯಲ್ಲಿ ಪ್ರೋಟೀನ್ ಮೊದಲು, ಅನ್ನ ಕೊನೆಗೆ. ಅವರಿಗೆ ದಿನಕ್ಕೆ 70 ಗ್ರಾಂ ಗುರಿ ಇಟ್ಟೆವು. ಮೊದಲ ವಾರಗಳಲ್ಲಿ 45 ಮುಟ್ಟಿದರೂ ಸಾಕು. ಬೆಳಿಗ್ಗೆ 50 ಗ್ರಾಂ ಹೆಸರುಕಾಳು ರುಬ್ಬಿದ ದೋಸೆ, ಅದರಲ್ಲೇ 12 ಗ್ರಾಂ. ಮಧ್ಯಾಹ್ನ ಗಟ್ಟಿ ತೊವ್ವೆ, 75 ಗ್ರಾಂ ಪನೀರ್, ಒಂದು ಬಟ್ಟಲು ಮೊಸರು. ಸಂಜೆ ಒಂದು ಹಿಡಿ ಹುರಿಗಡಲೆ. ರಾತ್ರಿ 30 ಗ್ರಾಂ ಸೋಯಾ ಚಂಕ್ಸ್ ಹಾಕಿದ ಪಲ್ಯ. ಮಲಗುವ ಮುಂಚೆ ಒಂದು ಲೋಟ ಹಾಲು. ಸೋಯಾ ವಾಸನೆಗೇ ವಾಕರಿಕೆ ಬರುತ್ತೆ ಅಂದಾಗ ಅದನ್ನು ಬಿಟ್ಟು ಮಜ್ಜಿಗೆಗೆ ಒಂದು ಸ್ಪೂನ್ ವೇ ಪ್ರೋಟೀನ್ (ಹಾಲಿನಿಂದ ತೆಗೆದದ್ದು) ಪುಡಿ ಕಲಸಲು ಹೇಳಿದೆ. ಪುಡಿ ತಿಂದರೆ ಕಿಡ್ನಿ ಹೋಗುತ್ತೆ ಅಂತ ಮನೆಯವರು ಹೆದರಿಸಿದ್ದರು. ಡಾಕ್ಟರ್ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿ ಅಡ್ಡಿಯಿಲ್ಲ ಅಂದ ಮೇಲೇ ಶುರುಮಾಡಿದ್ದು. ಕಿಡ್ನಿ ತೊಂದರೆ ಇರುವವರಿಗೆ ಲೆಕ್ಕವೇ ಬೇರೆ. ಅವರು ಇದನ್ನು ಓದಿ ತಾವಾಗಿ ಶುರುಮಾಡಬಾರದು. ಏಕಾದಶಿ ಬಿಡಿ ಅನ್ನಲಿಲ್ಲ. ಅವತ್ತು ಹಾಲು, ಮೊಸರು, ಪನೀರ್ ಆಗುತ್ತೆ.

ಮೈ ಕೆಲಸ ವಾರಕ್ಕೆ ಮೂರು ದಿನ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ತಳ್ಳುವುದು, ನೀರು ತುಂಬಿದ ಬಾಟ್ಲಿ ಎತ್ತುವುದು. ವಾಕಿಂಗ್ ಒಳ್ಳೆಯದೇ, ಆದರೆ ಸ್ನಾಯು ಉಳಿಸೋಕೆ ಅದೊಂದೇ ಸಾಲದು.

ಮೂರು ತಿಂಗಳಾದ ಮೇಲೆ 11 ಸೆಕೆಂಡ್, ಹಿಡಿತ 18 ದಾಟಿತು. ತೂಕ ಇಳಿದದ್ದು ಎರಡೇ ಕಿಲೋ. ಅದಕ್ಕೆ ಬೇಜಾರಾದರು, ಡೋಸ್ ಏರಿಸಲು ಕೇಳಿದರು. ಇಷ್ಟು ಕಮ್ಮಿ ತಿನ್ನುವಾಗ ಏರಿಸುವುದು ಬೇಡ ಅಂತ ಡಾಕ್ಟರ್ ತಡೆದರು. ಹಾಗಾದರೆ ನಿಲ್ಲಿಸಿಬಿಡಲಾ ಅಂತ ನನ್ನನ್ನು ಕೇಳಿದರು. ಅದನ್ನು ಹೇಳಬೇಕಾದವರು ಡಾಕ್ಟರ್. ಒಂದು ವಿಷಯ ಮಾತ್ರ ಮುಂದಿಟ್ಟೆ: ಇದೇ ಬಗೆಯ ಇನ್ನೊಂದು ಔಷಧ ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ ಇಳಿದ ತೂಕದ ಮೂರರಲ್ಲಿ ಎರಡು ಭಾಗ ವಾಪಸ್ ಬಂದಿತ್ತು. ಹಾಗೆ ಬರುವುದರಲ್ಲಿ ಕೊಬ್ಬೇ ಜಾಸ್ತಿ. ಸದ್ಯಕ್ಕೆ ಅದೇ ಡೋಸ್‌ನಲ್ಲಿದ್ದಾರೆ. ಈ ಸಲ ಅವರ ಯಜಮಾನರನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ. ತಟ್ಟೆ ಮುಂದೆ ಆಡುವ ಮಾತಿನ ಬಗ್ಗೆ ಅವರ ಜೊತೆ ಸ್ವಲ್ಪ ಮಾತಾಡಬೇಕಿದೆ.