ಅರಮನೆ ಬ್ಯಾಂಡಿನ ಸ್ಯಾಕ್ಸೋಫೋನ್ ಅಂತಾರೆ, 85,000 ಕೊಡಬಹುದಾ?

ಪ್ರಶ್ನೆ: ನನ್ನ ಮಗ ಆಲ್ಟೋ ಸ್ಯಾಕ್ಸೋಫೋನ್‌ನಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿದ್ದಾನೆ. ಮೈಸೂರಿನಲ್ಲಿ ಒಬ್ಬರ ಮನೆಯಲ್ಲಿ ಅಮೆರಿಕದ ಕಾನ್ ಕಂಪನಿಯ ಹಳೇ ವಾದ್ಯ ಇದೆ. ಅರಮನೆ ಬ್ಯಾಂಡಿನದು, 1914ರದ್ದು ಅಂತಾರೆ. ಹಿಂದೆ ‘ಡಿಸೆಂಬರ್ 8, 1914’, ‘1119954’, ಅದರ ಕೆಳಗೆ ‘ಸಿ’, ‘ಎಂ’ನಿಂದ ಶುರುವಾಗುವ ಆರಂಕಿ ನಂಬರು, ಕೊನೆಗೆ ‘ಎಲ್’ ಅಂತ ಇದೆ. 85,000 ಕೇಳುತ್ತಿದ್ದಾರೆ. ತಗೊಳ್ಳಲಾ?
– ಓದುಗರು, ಮಂಡ್ಯ

ಉತ್ತರ: ಆ ಬೆಲೆಗೆ ಬೇಡ. ನಿಮ್ಮ ಮಗನಿಗಂತೂ ಬೇಡವೇ ಬೇಡ.

ನಂಬರುಗಳನ್ನು ಬರೆದು ಕಳಿಸಿದ್ದು ಒಳ್ಳೆಯದಾಯಿತು, ಎಲ್ಲಾ ಅದರಲ್ಲೇ ಇದೆ. 1914 ಅನ್ನೋದು ವಾದ್ಯ ತಯಾರಾದ ವರ್ಷ ಅಲ್ಲ, ಪೇಟೆಂಟಿನ ದಿನಾಂಕ. ತೂತುಗಳ ಅಂಚನ್ನು ಬೇರೆ ಮಾಡಿ ಬೆಸುಗೆ ಹಾಕುವ ಬದಲು ಕೊಳವೆಯ ತಗಡಿನಿಂದಲೇ ಮೇಲಕ್ಕೆ ಎಳೆದು ಮಾಡುವ ವಿಧಾನಕ್ಕೆ ಸಿಕ್ಕ ಪೇಟೆಂಟ್ ಅದು, 1119954 ಅದರದೇ ಸಂಖ್ಯೆ. ಮುಂದೆ ಎಷ್ಟೋ ವರ್ಷ ಕಾನ್‌ನವರು ಇದೇ ಮುದ್ರೆ ಒತ್ತಿದರು. ಅಸಲಿ ಸೀರಿಯಲ್ ನಂಬರು ‘ಎಂ’ ಇರೋದು. ಆರಂಕಿ ಅಂದರೆ 1920ರ ದಶಕದ ಮಾಲು.

ಇನ್ನು ಆ ‘ಸಿ’. ಆಲ್ಟೋ ಆಗಿದ್ದರೆ ‘ಎ’, ಟೆನರ್ ಆಗಿದ್ದರೆ ‘ಟಿ’ ಇರುತ್ತಿತ್ತು. ಇದು ಸಿ ಮೆಲಡಿ ಅನ್ನೋ ಬೇರೆಯೇ ಜಾತಿಯ ಸ್ಯಾಕ್ಸೋಫೋನ್. ಆಗ ಅಮೆರಿಕದಲ್ಲಿ ಮನೆಯಲ್ಲಿ ಪಿಯಾನೋ ಜೊತೆ ನುಡಿಸೋಕೆ ಅಂತ ರಾಶಿ ರಾಶಿ ಮಾರಿದರು, 1930ರ ಹೊತ್ತಿಗೆ ಕೇಳುವವರೇ ಇಲ್ಲದಾಯಿತು. ನೋಡೋಕೆ ದೊಡ್ಡ ಆಲ್ಟೋ ಥರ ಕಾಣುತ್ತದೆ, ಆದರೆ ಅದೇ ಬೆರಳು ಹಿಡಿದರೂ ನಾದ ಮೂರು ಅರ್ಧಸ್ವರ ಕೆಳಗೆ. ಮಗ ಗುರುಗಳ ಪಕ್ಕ ಕೂತು ನುಡಿಸಿದರೆ ಶ್ರುತಿ ಸೇರಲ್ಲ. ಇವತ್ತಿಗೂ ಅಮೆರಿಕದಲ್ಲಿ ಇಂಥವು ಕೆಲವು ನೂರು ಡಾಲರ್‌ಗೆ ಸಿಗುತ್ತವೆ.

‘ಎಲ್’ ಇರೋದು ಮಾತ್ರ ಒಳ್ಳೆಯದು, ಮೂರು ಅರ್ಧಸ್ವರದ ತೊಂದರೆ ಬೇರೆ, ಆದರೆ ಈಗ ವಾದ್ಯಗಳನ್ನು ಹೊಂದಿಸುವ ಶ್ರುತಿಮಟ್ಟಕ್ಕೆ ಇದು ಹೊಂದುತ್ತದೆ. ‘ಎಚ್’ ಇದ್ದಿದ್ದರೆ ಅದು ಹಳೇ ಎತ್ತರದ ಶ್ರುತಿ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಶೋಕೇಸಿಗೇ ಸರಿ.

ಅರಮನೆ ಕಥೆಗೆ ಬರೋಣ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಮನಸೋತಿದ್ದು ಮೈಸೂರು ಅರಮನೆ ಬ್ಯಾಂಡ್ ಕೇಳಿ. ಇದು ಎಲ್ಲರಿಗೂ ಗೊತ್ತು, ಮಾರುವವರಿಗಂತೂ ಇನ್ನೂ ಚೆನ್ನಾಗಿ ಗೊತ್ತು! ಹಳೇ ಕಾಗದ, ಫೋಟೋ, ವಾದ್ಯದ ಮೇಲೊಂದು ಗುರುತು, ಏನಾದರೂ ಇದೆಯಾ ಕೇಳಿ. ಇಲ್ಲದಿದ್ದರೆ ಕಥೆಗೆ ಒಂದು ರೂಪಾಯಿನೂ ಜಾಸ್ತಿ ಕೊಡಬೇಡಿ.

ಹಾಗಿದ್ದೂ ಹಳೇದರ ಮೇಲೆ ಆಸೆ ಇದ್ದರೆ ನುಡಿಸೋಕೆ ಬರುವವರನ್ನು ಜೊತೆಗೆ ಕರಕೊಂಡು ಹೋಗಿ. ಕತ್ತಲೆ ಕೋಣೆಯಲ್ಲಿ ಕೊಳವೆಯೊಳಗೆ ಸಣ್ಣ ಎಲ್‌ಇಡಿ ಬಲ್ಬು ಇಳಿಬಿಟ್ಟು ಕೀ ಒತ್ತಿ ನೋಡಿ, ತೂತು ಮುಚ್ಚುವ ಪ್ಯಾಡ್ ಸುತ್ತ ಬೆಳಕು ಸೋರಿದರೆ ಗಾಳಿನೂ ಸೋರುತ್ತದೆ. ಇಷ್ಟು ಹಳೇದರಲ್ಲಿ ಅಷ್ಟೂ ಪ್ಯಾಡ್ ಬದಲಾಯಿಸಬೇಕು ಅಂತಲೇ ಲೆಕ್ಕ ಹಾಕಿ. ಪ್ಯಾಡ್ ಹೋಗಿದ್ದರೆ ಹಾಕಿಸಬಹುದು, ಆದರೆ ಕತ್ತು, ಅಂದರೆ ಬಾಯಿಗೆ ಬರುವ ಮೇಲಿನ ತುಂಡು, ಅದರದೇ ಅಲ್ಲದಿದ್ದರೆ ಅಥವಾ ಬಗ್ಗಿದ್ದರೆ ವಾಪಸ್ ಬನ್ನಿ. ಕೀಗಳು ಅಕ್ಕಪಕ್ಕಕ್ಕೆ ಗಡಗಡ ಅಲ್ಲಾಡುತ್ತವಾ ಅಂತಾನೂ ನೋಡಿ. ಫಳಫಳ ಹೊಳೆದರೆ ಖುಷಿಪಡಬೇಡಿ. ಗಂಟೆಯಂಥ ಬಾಯಿಯ ಮೇಲಿನ ಕೆತ್ತನೆ ಸವೆದು ಮಸುಕಾಗಿದ್ದರೆ ಯಾರೋ ಚೆನ್ನಾಗಿ ಉಜ್ಜಿದ್ದಾರೆ ಅಂತ ಅರ್ಥ, ಬೆಲೆ ಅಲ್ಲೇ ಬಿತ್ತು. ಕಪ್ಪಗಾಗಿದ್ದರೆ ಅದು ಬೆಳ್ಳಿ ಲೇಪ ಇರಬಹುದು, ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ.

ಎಲ್ಲಾ ಸರಿ ಇದ್ದು, ಅಲಂಕಾರಕ್ಕೋ ಶೋಕಿಗೋ ಬೇಕು ಅನ್ನಿಸಿದರೆ ನಾನಾದರೆ 20,000 ದಾಟಲ್ಲ. ಮಗನಿಗೆ ‘ಎ’ ಇರೋದನ್ನೇ ಹುಡುಕಿ, ಅದೂ ಅವನ ಗುರುಗಳು ಊದಿ ನೋಡಿದ ಮೇಲೆ.