ಕಡಲ ಹತ್ತಿರದ ಮನೆಗೆ ಕೇಪುಳ ಆದೀತೇ?

ಉಡುಪಿ ಕಡೆ ಕಡಲಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಮನೆ, ನೆಟ್ಟ ಹೂಗಿಡಗಳೆಲ್ಲ ಸೊರಗುತ್ತಿವೆ, ಕೇಪುಳವಾದರೂ (ಇಕ್ಸೋರಾ) ಉಳಿದೀತೇ ಎಂದು ಕೇಳಿದ್ದೀರಿ. ಧೈರ್ಯವಾಗಿ ನೆಡಿ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗಳಲ್ಲಿ ಹುಲ್ಲೆಲ್ಲ ಸುಟ್ಟುಹೋದ ಏಪ್ರಿಲ್ ಬಿಸಿಲಲ್ಲೂ ಕೆಂಪು ಗೊಂಚಲು ಹೊತ್ತು ನಿಲ್ಲುವ ಗಿಡ ಅದು. ತೀರಾ ಅಲೆಯ ಎದುರಿನ ಹೊಯಿಗೆಗೆ, ಅಂದರೆ ಮರಳಿಗೆ, ಮಾತ್ರ ಬೇಡ. ಅಲ್ಲಿಗೆ ಕೇದಿಗೆಯೇ ಸರಿ.

ಈ ಗಿಡಕ್ಕೆ ಬಿಸಿಲಿಗಿಂತ ದೊಡ್ಡ ಶತ್ರು ಸುಣ್ಣ. ನಾನು ಇದನ್ನು ಕಲಿತದ್ದು ಏಳು ಗಿಡಗಳನ್ನು ಹೊಸ ಪಾಗಾರದ (ಕಾಂಪೌಂಡ್ ಗೋಡೆಯ) ಬುಡಕ್ಕೇ ಸಾಲಾಗಿ ನೆಟ್ಟ ಮೇಲೆ. ಎರಡನೇ ಮಳೆಗಾಲ ಕಳೆಯುವಷ್ಟರಲ್ಲಿ ಚಿಗುರೆಲೆಗಳು ಹಳದಿಯಾದವು, ನರಗಳು ಮಾತ್ರ ಬಲೆ ಬಿಡಿಸಿದ ಹಾಗೆ ಹಸುರು. ಗೊಬ್ಬರ ಸಾಲದೆಂದು ಬೂದಿ ಹಾಕಿದೆ, ಇನ್ನೂ ಕೆಟ್ಟಿತು. ಮುರಮಣ್ಣು ಹುಳಿ ಗುಣದ್ದು, ಅದರಲ್ಲಿ ಕಬ್ಬಿಣದಂಶ ಬೇರಿಗೆ ಸಿಗುತ್ತದೆ. ಸಿಮೆಂಟಿನಿಂದ ಸುಣ್ಣ ಇಳಿದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಬೂದಿಯದ್ದೂ ಅದೇ ಗುಣ. ಗಿಡಗಳನ್ನು ಗೋಡೆಯಿಂದ ನಾಲ್ಕಡಿ ಆಚೆ, ಗುಡ್ಡೆಯ ಕೆಂಪು ಮಣ್ಣು ತುಂಬಿದ ಗುಂಡಿಗೆ ಬದಲಿಸಿ ತರಗೆಲೆ ಮುಚ್ಚಿದೆ. ಐದು ಉಳಿದವು.

ನಿಮ್ಮ ಹೊಯಿಗೆಯಲ್ಲಿ ಚಿಪ್ಪಿನ ಚೂರುಗಳಿದ್ದರೆ ಅದೂ ಸುಣ್ಣವೇ. ಒಂದು ಹಿಡಿ ಮಣ್ಣಿಗೆ ವಿನೆಗರ್ ಹನಿಸಿ ನೋಡಿ, ನೊರೆ ಎದ್ದರೆ ಎರಡಡಿ ಗುಂಡಿ ತೋಡಿ ಮಣ್ಣನ್ನೇ ಬದಲಿಸಿ. ತೆಂಗಿನ ಬುಡಕ್ಕೆ ಹಾಕುವ ಬೂದಿ ಇತ್ತ ತಾಗದಿರಲಿ.

ದಯವಿಟ್ಟು ಗುಡ್ಡೆಯಿಂದ ಗಿಡ ಕಿತ್ತು ತರಬೇಡಿ. ಬೇರು ಕಲ್ಲಿನ ಸಂದಿಗೆ ಇಳಿದಿರುತ್ತದೆ, ಕಿತ್ತದ್ದು ಬದುಕುವುದು ಅಪರೂಪ. ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಗೇಣುದ್ದದ ಗೆಲ್ಲು ಕತ್ತರಿಸಿ ನೆರಳಲ್ಲಿ ಊರಿ. ಬೇರು ಬರಲು ಒಂದೆರಡು ತಿಂಗಳು ಬೇಕು. ನರ್ಸರಿಯ ಕುಳ್ಳ ತಳಿಗಳು ಅಂದವಾಗಿರುತ್ತವೆ, ಆದರೆ ನನ್ನ ಮನಸ್ಸು ಊರಿನ ಕೇಪುಳದ ಕಡೆಗೇ. ಅದರ ಸಪೂರ ಕೊಳವೆಯ ಜೇನಿಗೆ ದೊಡ್ಡ ಚಿಟ್ಟೆಗಳು ಬರುತ್ತವೆ. ಮಕ್ಕಳು ಹೂವಿನ ನಡುವಿನ ಎಳೆ ಎಳೆದು ತುದಿಯ ಹನಿ ಚೀಪುತ್ತಾರೆ. ಕಪ್ಪಾಗಿ ಮಾಗಿದ ಹಣ್ಣು ಸಿಹಿ ಒಗರು.

ಮೊದಲ ಬೇಸಗೆ ವಾರಕ್ಕೆರಡು ಸಲ ನೀರು ಕೊಡಿ. ಹೂ ಬರುವುದು ಗೆಲ್ಲಿನ ತುದಿಯಲ್ಲಿ, ಹಾಗಾಗಿ ಬೇಲಿಯಂತೆ ಪದೇ ಪದೇ ಸವರಬೇಡಿ, ಗೊಂಚಲು ಉದುರಿದ ಮೇಲೆ ಒಮ್ಮೆ ಸಾಕು.